ಹೊಲದಲ್ಲಿ ತೂಗುವ ಜಪಾನಿನ ಆಟ

“ಇನ್ನ ಡಿಸ್ಕ್ ಯಾಕ ಬೇಕ್ರಿ ಮಾವಾರ? ಪೂರಾ ಆಟ ಇದರಾಗ ಐತಿ,” ಎಂದು ಖಾನಾಪುರದ ನಮ್ಮ ಅಳಿಯಂದಿರು ಪೆನ್‌ಡ್ರೈವ್ ಎತ್ತಿ ಹಿಡಿದರು. ಆ ಆಟ ಅವರ ಹೆಂಡತಿ, ನನ್ನ ತಮ್ಮನ ಮಗಳು ಸುನಂದಾ ಬಾಲ್ಯದಲ್ಲಿ ಆಡಿದ ವಿಡಿಯೋ ಗೇಮ್‌ನ ಜಪಾನಿ ಆವೃತ್ತಿ. ತಡವಾಗಿ ಬಂದ ಅಮೆರಿಕದ ಆವೃತ್ತಿಯಲ್ಲಿ ಆಕೆಯ ಮೆಚ್ಚಿನ ಕೊನೆಯ ಹಂತವೇ ಇಲ್ಲ. ಎರಡರ ಬಿಡುಗಡೆಯ ದಿನಾಂಕಗಳನ್ನೂ ತಾಳೆ ನೋಡಿಕೊಂಡೇ ನಾನು ಆ ಅಪರೂಪದ ಡಿಸ್ಕ್ ನೋಡಲೆಂದು ಬೆಳಗಾವಿಯಿಂದ ಹೋಗಿದ್ದೆ.

ಪೆನ್‌ಡ್ರೈವ್‌ನಲ್ಲಿದ್ದುದು ಒಂದು ಪುಟ್ಟ ಫೈಲು ಮಾತ್ರ. ಅಂಥ ಡಿಸ್ಕ್ ನಕಲಿಸಿದರೆ ಎರಡು ಫೈಲುಗಳಾಗುತ್ತವೆ: ದೊಡ್ಡದರಲ್ಲಿ ಆಟ, ಚಿಕ್ಕದರಲ್ಲಿ ಆಟದ ಯಾವ ಭಾಗ ಎಲ್ಲಿದೆಯೆಂಬ ಸೂಚಿ.

“ದೊಡ್ಡ ಫೈಲ್ ಎಲ್ಲೈತ್ರಿ?” ಎಂದೆ.

“ಜಾಗಾ ಭಾಳ ತಿಂತಿತ್ರಿ. ಒಂದ ಹೆಸರಿನವು ಎರಡ ಯಾಕಂತ ಅಳಿಸಿಬಿಟ್ಟೆ.”

ಪಕ್ಕದ ಹಲಸಿಯ ಹಳೆಯ ಕಲ್ಲುಶಾಸನವನ್ನು ಒಡೆದುಹಾಕಿ ಅಲ್ಲಿಗೆ ಹೋಗುವ ದಾರಿಫಲಕವನ್ನು ಜೋಪಾನ ಮಾಡಿದಂತಾಯಿತು!

“ಡಿಸ್ಕ್ ಆದ್ರೂ ಐತೇನು?”

“ಹೊಲದಾಗ ತೂಗಹಾಕ್ಯಾರ ದೊಡ್ಡಪ್ಪಾ, ಹಕ್ಕಿ ಓಡಸಾಕ,” ಎಂದಳು ಸುನಂದಾ, ಗಂಡನತ್ತ ನೋಡದೆ.

ಹೋಗಿ ನೋಡಿದೆವು. ಗಾಳಿಗೆ ತೂಗಾಡಿ ಕೋಲಿಗೆ ಬಡಿದು ಬಡಿದು ಡಿಸ್ಕಿನ ತುಂಬ ಗೀರು. ಅದರ ಪಕ್ಕದಲ್ಲೇ ಗಿಳಿಯೊಂದು ನಿಶ್ಚಿಂತೆಯಿಂದ ಭತ್ತ ತಿನ್ನುತ್ತಿತ್ತು. ಯಾರಾದರೂ ಏನನ್ನಾದರೂ ಕಾಪಿಟ್ಟಿದ್ದೇನೆ ಎಂದರೆ ನಾನೀಗ ಮೊದಲು ಅವರ ಹೊಲ ನೋಡುತ್ತೇನೆ.