ಟಗರು ಕೊಯ್ದವರು ಯಾರು

ನಮ್ಮ ಮನೆಯಲ್ಲಿ ಟಗರು ಕೊಯ್ಯಬೇಕಾದರೆ ಮುಲ್ಲಾ ಬರಬೇಕು. ಈಗಿನ ಹುಡುಗರಿಗೆ ಈ ಮಾತು ವಿಚಿತ್ರವಾಗಿ ಕೇಳಿಸುತ್ತದೆ. ನಾವು ಬೀರೇಶ್ವರನ ಒಕ್ಕಲು, ಹಣೆಗೆ ಅರಿಸಿನದ ಭಂಡಾರ ಹಚ್ಚಿಕೊಳ್ಳುವವರು, ಕುರಿ ಕಾಯ್ದು ಆಮೇಲೆ ಹೊಲ ಮಾಡಿದವರು. ಆದರೂ ನನಗೆ ತಿಳಿವಳಿಕೆ ಬಂದಾಗಿನಿಂದ ಜಮಖಂಡಿಯ ಈ ಮನೆಯ ಹಿತ್ತಲಿಗೆ ಮುಲ್ಲಾನೇ ಬರುತ್ತಿದ್ದ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ, ಚೂರಿಯನ್ನು ತಾನೇ ಮಸೆದುಕೊಳ್ಳುತ್ತಿದ್ದ, ತನ್ನ ದೇವರ ಹೆಸರು ಹೇಳಿ ನಮ್ಮ ದೇವರ ಟಗರು ಕೊಯ್ಯುತ್ತಿದ್ದ. ತನ್ನ ಪಾಲಿನ ಖಂಡ ಕಟ್ಟಿಸಿಕೊಂಡು ಹೋಗುತ್ತಿದ್ದ. ಯಾಕೆ ಹೀಗೆ ಎಂದು ಸಣ್ಣವಳಿದ್ದಾಗ ಅಪ್ಪನನ್ನು ಕೇಳಿದ್ದೆ.

"ಅಂವ ಕೊಯ್ದರ ಎಲ್ಲಾರೂ ಉಣ್ಣತಾರ. ನಾವು ಕೊಯ್ದರ ನಾವಷ್ಟ ಉಣ್ಣತೇವಿ" ಎಂದಿದ್ದ ಅಪ್ಪ. ಅವನಿಗೆ ಅದರಲ್ಲಿ ಯಾವ ಫಿಲಾಸಫಿಯೂ ಕಂಡಿರಲಿಲ್ಲ. ಊಟಕ್ಕೆ ಜನ ಬರಬೇಕು, ಬಂದವರು ಉಣ್ಣಬೇಕು, ಅಷ್ಟೇ.

ಆಮೇಲೆ ನನ್ನನ್ನು ಬೆಳಗಾವಿಯ ಕಾನ್ವೆಂಟ್ ಹಾಸ್ಟೆಲ್ಲಿಗೆ ಹಾಕಿದರು. ಅಲ್ಲಿಯ ಮೆಸ್ಸಿನಲ್ಲಿ ಒಬ್ಬ ಸಿಸ್ಟರ್ ಸೌಟು ಹಿಡಿದು ಒಬ್ಬೊಬ್ಬ ಹುಡುಗಿಯ ಮುಂದೆಯೂ ನಿಲ್ಲುತ್ತಿದ್ದಳು. "ಡು ಯು ಟೇಕ್ ದಿಸ್, ಚೈಲ್ಡ್?" ದಿನವೂ ಅದೇ ಪ್ರಶ್ನೆ. ಜೈನರ ಹುಡುಗಿ ತಲೆ ಅಲ್ಲಾಡಿಸುತ್ತಿದ್ದಳು, ಮುಸಲ್ಮಾನರ ಹುಡುಗಿ ಕೆಲವು ದಿನ ಹೂಂ ಎನ್ನುತ್ತಿದ್ದಳು, ಕೆಲವು ದಿನ ಉಹೂಂ. ಗೊತ್ತಿದ್ದೂ ಯಾಕೆ ಕೇಳುತ್ತಾಳೆ ಎಂದು ನಾವು ನಗುತ್ತಿದ್ದೆವು. ಮುಂದೆ ನಾನೇ ಟೀಚರಾಗಿ ಈ ಊರಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟೆ, ಬೇರೆ ಯಾರೂ ಸಿಗದಿದ್ದಾಗ ಸಿವಿಕ್ಸ್ ಕೂಡ. ಸೆಕ್ಯುಲರ್ ಅಂದರೇನ್ರಿ ಅಕ್ಕೋರ ಎಂದು ಪ್ರತಿ ಬ್ಯಾಚಿನಲ್ಲೂ ಯಾರಾದರೂ ಕೇಳುತ್ತಿದ್ದರು. ಟೆಕ್ಸ್ಟ್‌ಬುಕ್ಕಿನ ಉತ್ತರ ಬರೆಸುತ್ತಿದ್ದೆ. ಬರೆಸುವಾಗ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಮಾತ್ರ ತಾಟಿನ ಮೇಲೆ ತಡೆದು ನಿಂತ ಆ ಸೌಟು.

ಇಷ್ಟೆಲ್ಲ ನೆನಪಾದದ್ದು ನನ್ನ ತಮ್ಮನ ಮೊಮ್ಮಗನ ಜಾವಳದಿಂದ. ಮಗುವಿನ ಮೊದಲ ಕೂದಲನ್ನು ಬೀರೇಶ್ವರನ ಗುಡಿಯಲ್ಲಿ ತೆಗೆಸಿ, ಮನೆಗೆ ಬಂದು ಬೀಗರಿಗೆ, ಓಣಿಯವರಿಗೆ ಟಗರಿನ ಊಟ ಹಾಕಬೇಕು. ತಮ್ಮ ಈಗಿಲ್ಲ. ಅವನ ಮಗ, ನನ್ನ ಅಳಿಯ, ಎಲ್ಲವನ್ನೂ ನೋಡಿಕೊಳ್ಳುತ್ತಾನೆ. ಕಬ್ಬು, ಟ್ರ್ಯಾಕ್ಟರು, ಫೋನು, ಇವು ಅವನ ಲೋಕ.

ನನಗೆ ಮೊದಲು ಸಂಶಯ ಬಂದದ್ದು ಆ ಫೋನಿನಿಂದಲೇ. ಯಾರ ಅಂಗಡಿಯ ಖಂಡ ತರಬೇಕು, ಯಾರದು ತರಬಾರದು ಎಂದು ಕಿರುಚುವ ವಿಡಿಯೋಗಳು ಅದರಲ್ಲಿ ಬರುತ್ತಿದ್ದವು. ನಾನು ಹತ್ತಿರ ಹೋದರೆ ವಾಲ್ಯೂಮ್ ಸಣ್ಣದಾಗುತ್ತಿತ್ತು. ಜಾವಳ ಹತ್ತಿರ ಬಂದಾಗ ಕೇಳಿದೆ.

"ಮುಲ್ಲಾಗ ಹೇಳಿಯೇನು?"

"ಹೇಳೇನಿ ಬಿಡು ಅತ್ತಿ."

"ಏನಂದ?"

"ಬರ್ತಾನಂತ." ಕಣ್ಣು ಫೋನಿನ ಮೇಲೆಯೇ.

ಮುಲ್ಲಾ ಬರುವುದು ಬಿಡುವುದು ನನಗೆ ಯಾಕೆ ಅಷ್ಟು ಮುಖ್ಯ ಎಂದರೆ, ಕಂಪೌಂಡ್ ಗೋಡೆಯ ಆಚೆಯ ಮನೆಯವಳಿಂದಾಗಿ. ನಮ್ಮ ಕಡೆ ಮುಸಲ್ಮಾನ ಹೆಂಗಸರನ್ನು ಕರೆಯುವಂತೆ ನಾನು ಅವಳನ್ನು ಬೂಬಮ್ಮ ಎನ್ನುತ್ತೇನೆ. ಅವಳ ಗಂಡ ಬನಹಟ್ಟಿಯ ಪವರ್‌ಲೂಮುಗಳ ರಿಪೇರಿ ಮಾಡುತ್ತಿದ್ದ. ಅವನು ಹೋದ ಮೇಲೆ ಅವಳು ರಬಕವಿಯ ಸೀರೆಗಳಿಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿ ಮಕ್ಕಳನ್ನು ಸಾಕಿದಳು. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ನಾನು ನೌಕರಿಗೆ ಸೇರಿದ ಹೊಸತು. ಅಂದಿನಿಂದ ನಮ್ಮ ಮನೆಯ ಯಾವ ಟಗರಿನ ಊಟವೂ ಅವಳಿಲ್ಲದೆ ಆಗಿಲ್ಲ. ಈ ಸಲವೂ ಮಗುವಿಗೆಂದು ಖಣದ ಬಟ್ಟೆಯಲ್ಲಿ ತಲೆ, ಬೆನ್ನು ಮುಚ್ಚುವ ಕುಂಚಿಗೆ ಹೊಲಿಯುತ್ತಿದ್ದಳು. ಮುಲ್ಲಾ ಕೊಯ್ಯದಿದ್ದರೆ ಅವಳು ನಮ್ಮಲ್ಲಿ ಉಣ್ಣುವಂತಿಲ್ಲ. ಅದು ಅವಳ ಧರ್ಮ. ನಮ್ಮಿಬ್ಬರ ನಡುವೆ ಈ ಮಾತು ಒಮ್ಮೆಯೂ ಬಂದಿರಲಿಲ್ಲ, ಬರುವ ಅಗತ್ಯವೇ ಬಿದ್ದಿರಲಿಲ್ಲ.

ಜಾವಳದ ದಿನ ಗುಡಿಯಿಂದ ಮರಳುವಷ್ಟರಲ್ಲಿ ಖಂಡ ಆಗಲೇ ಬುಟ್ಟಿಗಳಲ್ಲಿ ಬಂದು ಹಿತ್ತಲಿನಲ್ಲಿ ಕೂತಿತ್ತು. ಹೊಲದಲ್ಲಿಯೇ ಕೊಯ್ಸಿದ್ದಾರಂತೆ.

"ಇಲ್ಲಿ ಹೊಲಸಾಗತೈತಿ ಅತ್ತಿ, ಗಟಾರ ತುಂಬತೈತಿ" ಎಂದ ಅಳಿಯ.

ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದಕ್ಕೇ ನನಗೆ ಇನ್ನಷ್ಟು ಅನುಮಾನ. ಗಟಾರದ ಚಿಂತೆ ಇವನಿಗೆ ಯಾವಾಗಿನಿಂದ?

"ಮುಲ್ಲಾ ಚಹಾಕ್ಕ ಬರಲಿಲ್ಲಲ್ಲ?"

"ಅವಸರದಾಗಿದ್ದ."

"ಅವನ ಪಾಲು?"

"ಅಲ್ಲೇ ಕೊಟ್ಟು ಕಳ್ಸೀವಿ."

ಬೀಳಗಿಯಿಂದ ಬಂದಿದ್ದ ನಮ್ಮ ಬೀಗರು ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತಾ ಇದನ್ನೆಲ್ಲ ಕೇಳುತ್ತಿದ್ದರು. "ಅಕ್ಕೋರ, ಕುರಿ ಸತ್ತ ಹೋತ್ರಿ. ನೀವ್ಯಾಕ ಪೊಲೀಸರಂಗ ಪಂಚನಾಮಿ ಮಾಡಾಕತ್ತೀರಿ?" ಎಂದರು. ಎಲ್ಲರೂ ನಕ್ಕರು. ಅಳಿಯ ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗು ನನಗೆ ಸರಿಬರಲಿಲ್ಲ.

ಮುಲ್ಲಾನ ಮನೆ ಹಿಂದಿನ ಓಣಿಯಲ್ಲೇ ಇದೆ. ವೀಳ್ಯದೆಲೆ ತರುವ ನೆವ ಮಾಡಿಕೊಂಡು ನಡೆದೆ. ಮುದುಕ ಬಾಗಿಲ ಮುಂದೆ ಹೊರಸಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಬರ್ರಿ ಅಕ್ಕೋರ. ಜಾವಳ ಆತ್ರಿ?"

"ಆತು. ಟಗರು ನೀವ ಕೊಯ್ದಿರಂತಲ್ಲ?"

"ಯಾರ ಹೇಳಿದ್ರಿ? ನಾ ಮನಿ ಬಿಟ್ಟು ಹೊರಗ ಹೋಗಿಲ್ರಿ."

ನನ್ನ ಸಂಶಯ ನಿಜವಾಯಿತೆಂದು ಒಳಗೊಳಗೇ ಒಂದು ಕೆಟ್ಟ ಖುಷಿ. "ನಿಮಗ ಹೇಳೇ ಇಲ್ಲೇನು?" ಎಂದೆ.

"ಹೇಳಿದ್ರಿ. ಸುಳ್ಳ ಯಾಕ ಹೇಳ್ಲಿ. ಫೋನ್ ಮಾಡಿ, ಬರಾಂವೋ ಬರದಾಂವೋ ಅಂದ್ರು. ನಿಮ್ಮಪ್ಪಾರು ಮನಿಗೆ ಬಂದು, ಎಲಿ ಅಡಿಕಿ ಇಟ್ಟು ಕರೀತಿದ್ರು." ಕೆಮ್ಮು ಬಂತು, ನಿಲ್ಲಿಸಿ ಮತ್ತೆ ಶುರು ಮಾಡಿದ. "ಅದೂ ಅಲ್ದ ನಮ್ಮ ಹುಡುಗೂರು ಒಂದ ಹಟ ಹಿಡದಾವ್ರಿ. ಬ್ಯಾರೆ ದೇವರಿಗೆ ಬಿಟ್ಟ ಕುರಿಗೆ ನೀ ಚೂರಿ ಹಚ್ಚಬ್ಯಾಡ, ನಮಗದು ನಡಿಯೂದಿಲ್ಲ ಅಂತಾವ. ಇಷ್ಟ ವರ್ಷ ನಡೀತಲ್ಲೋ ಅಂದೆ. ತಪ್ಪು ನಡೀತು ಅಂತಾವ. ಬರೂದಿಲ್ಲ ಅಂತ ಹೇಳಿಬಿಟ್ಟೆ."

ಫೋನಿನ ಅವಮಾನ ಕಾರಣವೋ, ಹುಡುಗರ ಹಟ ಕಾರಣವೋ? ಯಾವುದು ನಿಜ, ಯಾವುದು ನೆವ? ಅವನ ಮುಖ ನೋಡಿದೆ. ಅವನೂ ನನ್ನ ಮುಖ ನೋಡುತ್ತಿದ್ದ, ನನ್ನನ್ನು ಯಾರು ಕಳಿಸಿರಬಹುದು ಎನ್ನುವ ಹಾಗೆ. ಎಲೆ ತರುವುದನ್ನು ಮರೆತೇ ಮನೆಗೆ ಬಂದೆ.

ಅಳಿಯನನ್ನು ಪಡಸಾಲೆಯ ಮೂಲೆಗೆ ಕರೆದೆ. "ಸುಳ್ಳ ಯಾಕ ಹೇಳಿದಿ?"

ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ. "ಅಂವ ಬರೂದಿಲ್ಲ ಅಂದ. ಹೊಲದ ಆಳು ಕೊಯ್ದ. ಖರೆ ಹೇಳಿದ್ರ ಬೂಬಮ್ಮ ಉಣ್ಣಾಕ ಬರ್ತಿದ್ಲೇನು? ನನ್ನ ಜಾವಳದಾಗ ನನ್ನನ್ನ ತೊಡಿ ಮ್ಯಾಲ ಕುಂಡ್ರಿಸ್ಕೊಂಡು ಉಂಡಾಕಿ ಆಕಿ. ಈಗ ಆಕಿನ್ನ ಬಿಟ್ಟು ನನ್ನ ಮಗನ ಊಟ ಹಾಕ್ಲೇನು?"

ಅವಳನ್ನು ದೂರ ಮಾಡುತ್ತಿದ್ದಾನೆಂದು ಇಷ್ಟು ದಿನ ಇವನ ಬೆನ್ನು ಹತ್ತಿದ್ದೆ. ಇವನು ಸುಳ್ಳು ಹೇಳಿದ್ದು ಅವಳನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳಲು. ಅಥವಾ ಈಗ ಇದನ್ನೂ ನೆವ ಮಾಡಿಕೊಂಡನೋ? ಆ ಫೋನಿನ ವಿಡಿಯೋಗಳು ನನ್ನ ತಲೆಯಿಂದ ಇನ್ನೂ ಹೋಗಿರಲಿಲ್ಲ.

"ಆಕಿಗೆ ಹೇಳಬೇಕು" ಎಂದೆ.

"ಬ್ಯಾಡ ಅತ್ತಿ. ಗೊತ್ತಿಲ್ದ ಉಂಡ್ರ ಆಕಿಗೇನ ಪಾಪ?"

"ಬಾಯಿ ಆಕಿದು, ದೇವರು ಆಕಿದು. ನಡುವ ನೀ ಯಾರು?"

ಅಷ್ಟರಲ್ಲಿ ಹೊರಗೆ ಪಂಕ್ತಿ ಕುಳಿತಾಗಿತ್ತು. ಬೂಬಮ್ಮ ಹೆಂಗಸರ ಸಾಲಿನ ಮೊದಲಿಗೇ ಕುಳಿತಿದ್ದಳು, ತೊಡೆಯ ಮೇಲೆ ಕುಂಚಿಗೆಯ ಗಂಟು. ರೊಟ್ಟಿ ಬಡಿಸಿಯಾಗಿತ್ತು. ಬಡಿಸುವ ಹೆಣ್ಣುಮಗಳು ಖಂಡದ ಪಾತ್ರೆ ಹಿಡಿದು ಅವಳ ಮುಂದೆ ಬಗ್ಗಿದ್ದಳು. ನಾನು ಮೆಟ್ಟಿಲಿಳಿದು ಹೋಗಿ ಸೌಟು ಹಿಡಿದೆ.

"ಬೂಬಮ್ಮ, ಇದು ಮುಲ್ಲಾ ಕೊಯ್ದದ್ದಲ್ಲ."

ಆಗ ನನಗೆ ಕಂಡಿತು. ಅವಳ ಎಡಗೈ ಆಗಲೇ ತಾಟಿನ ಮೇಲಿತ್ತು. ಅರ್ಧ ತಾಟು ಆ ಅಂಗೈಯಡಿ ಮುಚ್ಚಿತ್ತು.

"ಗೊತ್ತೈತ್ರಿ ಅಕ್ಕೋರ" ಎಂದಳು, ತಲೆ ಎತ್ತದೆ. "ಮುಂಜಾನೇನ ಗೊತ್ತಾಗೇತಿ. ನೀವು ಹೇಳ್ತೀರೋ ಇಲ್ಲೋ ನೋಡಾಕ ಬಂದೆ."

ಆಮೇಲೆ ತಾಟಿನಿಂದ ಕೈ ತೆಗೆದಳು. "ಹೇಳಿದ್ರಿ. ಆತು. ಮೊಸರು, ಶೇಂಗಾ ಚಟ್ನಿ ಹಾಕಸ್ರಿ."

"ಬೂಬಮ್ಮ ಲಿಂಗಾಯತರಾಕಿ ಆದ್ಲು ನೋಡ್ರೋ!" ಎಂದರು ಬೀಳಗಿಯ ಬೀಗರು.

"ಹಂಗಾದ್ರ ನನಗ ಎರಡು ಹೋಳಿಗಿ ಹೆಚ್ಚ ಹಾಕ್ರಿ ಮತ್ತ. ಬರೇ ಹೆಸರಿಗೆ ಆಗೂದೇನು?" ಎಂದಳು ಅವಳು. ಪಂಕ್ತಿ ನಕ್ಕಿತು. ಊಟ ಮುಂದುವರಿಯಿತು. ಹೋಗುವಾಗ ಮಗುವಿಗೆ ಕುಂಚಿಗೆ ಹಾಕಿ, ಬೋಳು ತಲೆಗೆ ಮುತ್ತು ಕೊಟ್ಟು ಹೋದಳು.

ಅಳಿಯ ಕೆಲವು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. "ನಿನ್ನ ಖರೇಕ್ಕ ಆಕಿ ಮೊಸರು ರೊಟ್ಟಿ ಉಂಡು ಹೋದ್ಲು" ಎಂದು ಒಮ್ಮೆ ಮಾತ್ರ ಗೊಣಗಿದ. ಅವಳಿಗೆ ಹೇಗೂ ಗೊತ್ತಿತ್ತಲ್ಲ ಎಂದು ನಾನು ಅನ್ನಬಹುದಿತ್ತು, ಅನ್ನಲಿಲ್ಲ. ನನಗೆ ಚುಚ್ಚುತ್ತಿದ್ದದ್ದು ಬೇರೆ. ನೋಡಾಕ ಬಂದೆ ಅಂದಳಲ್ಲ. ಟೀಚರಾಗಿ ಎಷ್ಟೋ ಸರ್ಪ್ರೈಸ್ ಟೆಸ್ಟ್ ಕೊಟ್ಟವಳು ನಾನು, ಬರೆದವರ ಎದೆ ಹೇಗೆ ಬಡಿದುಕೊಳ್ಳುತ್ತದೆ ಎಂದು ಯೋಚಿಸಿರಲಿಲ್ಲ. ನಾನು ಮುಲ್ಲಾನ ಮನೆಗೆ ಹೋಗದೆ, ಏನೂ ತಿಳಿಯದೆ, ನಗುತ್ತಾ ಅವಳ ತಾಟಿಗೆ ಬಡಿಸಿಬಿಟ್ಟಿದ್ದರೆ? ನನಗೆ ಗೊತ್ತಿರಲಿಲ್ಲ ಎಂದರೆ ನಂಬುತ್ತಿದ್ದಳೇ? ನನ್ನ ಪ್ರಾಯವೆಲ್ಲ ಆ ಗೋಡೆಯ ಪಕ್ಕದಲ್ಲೇ ಕಳೆಯಿತು. ಅಷ್ಟರ ಮೇಲೂ ನನ್ನನ್ನು ನೋಡಲು ಬರಬೇಕಾಯಿತು ಅವಳಿಗೆ. ಆದರೆ ನಾನೂ ಅಳಿಯನನ್ನು, ಮುಲ್ಲಾನನ್ನು ನೋಡಲೆಂದೇ ತಾನೇ ತಿರುಗಿದ್ದು? ಅವಳನ್ನು ಯಾವ ಬಾಯಿಂದ ಅನ್ನಲಿ?

ರಂಜಾನ್ ಹಬ್ಬ ಬಂತು. ಮುಂಚೆ ಅವಳು ಗೋಡೆಯ ಮೇಲಿಂದ ಶೀರಕುರ್ಮಾದ ಬಟ್ಟಲು ಚಾಚಿ "ಹಿಡೀರಿ" ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು, ಒಲೆಯ ಮೇಲೆ ಏನಾದರೂ ಉಕ್ಕುತ್ತಿರುತ್ತಿತ್ತು. ಈ ಸಲ ಬಟ್ಟಲು ಚಾಚಿ ಕೈ ಬಿಡಲಿಲ್ಲ.

"ಹಾಲು, ಶಾವಿಗಿ, ಖಾರೀಕ, ಗೋಡಂಬಿ, ತುಪ್ಪ" ಎಂದಳು. "ಮತ್ತೇನಿಲ್ರಿ ಅಕ್ಕೋರ."

ನಾನು ಕೇಳಿರಲಿಲ್ಲ. ಕೇಳಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಮೆಸ್ಸಿನ ಆ ಸಿಸ್ಟರಿಗೆ, ನಿಮಗೆ ಗೊತ್ತೇ ಇದೆ ಸಿಸ್ಟರ್, ಕೇಳಬೇಡಿ ಎಂದು ನಾವು ಯಾರೂ ಅಂದಿರಲಿಲ್ಲ. ಬಟ್ಟಲನ್ನು ಒಳಗೆ ಒಯ್ಯಲಿಲ್ಲ. ಬಿಸಿ ಇದ್ದದ್ದನ್ನು ಅಲ್ಲೇ, ಗೋಡೆಯ ಪಕ್ಕದಲ್ಲೇ ನಿಂತು, ಅವಳಿಗೆ ಕಾಣುವಂತೆ ಕುಡಿದೆ. ಅವಳೂ ಒಳಗೆ ಹೋಗಲಿಲ್ಲ. ಬಟ್ಟಲು ಖಾಲಿಯಾಗುವವರೆಗೆ ನೋಡುತ್ತಾ ನಿಂತಿದ್ದಳು.