ಬಿಲ್ಲುಗಾರ ಕಾಕಾ ಮತ್ತು ನನ್ನ ಬಳಿ

ಕೊಡೇಕಲ್ ಕಡಿ ನಮ್ಮ ಹೊಲಕ್ಕ ಕಾಲುವಿ ನೀರು ಬಂತು, ನೀರಿನ ಹಿಂದ ಭತ್ತ ಬಂತು, ಭತ್ತದ ಹಿಂದ ಕಾಡಹಂದಿ ಬಂದ್ವು. ಹಂದಿ ಹೊಡಿಯಾಕ ಬಾಜೂ ಹೊಲದ ಕಾಕಾ ಬಿಲ್ಲು ಹಿಡಕೊಂಡು ನಮ್ಮ ಬದುವಿನ ಮ್ಯಾಲ ಕುಂತ. ಎಲ್ಲಾದಕ್ಕೂ ಅವಂದು ಒಂದ ಮಾತು: "ಸಪ್ಪಳ ಆಗಬಾರದವ್ವಾ." ಕುಂದ್ರಾಕ ಹುಲ್ಲು ಒಲ್ಲ, ಗೋಣಿಚೀಲ ಒಲ್ಲ, ನಮ್ಮವ್ವ ಹೊಲಿದ ಮೆತ್ತನ್ನ ಕೌದಿನ ಬೇಕು. ಬಿಲ್ಲಿನ ಹೆದಿ ಎಳದು ಬಿಟ್ರ ಝುಂ ಅಂತದಂತ, ನನ್ನ ಕಂಬಳಿ ಎಳಿ ಕಿತ್ತು ಅದಕ್ಕ ಕಟ್ಟಿದ.

ಒಂದಿನ ಸಂಜಿಮುಂದ ಅವಗ ಬುತ್ತಿ ಒಯ್ದೆ. ಹೊಳ್ಳಿ ಸುದ್ದಾ ನೋಡಲಿಲ್ಲ. "ಬಳಿ ತಗದಿಟ್ಟು ಬಾರವ್ವಾ, ಸಪ್ಪಳ ಆಗ್ತದ" ಅಂದ.

ಗಂಡ ಮನ್ಯಾಗ ಗುಂಡಕಲ್ಲಿನಂಗ ಇದ್ದಾನ, ನನಗ ಬಳಿ ತಗಿ ಅಂತಾನ!

"ನಿನ್ನ ಬಾಯಾಗ ಮಣ್ಣ ಬೀಳ! ನನ್ನ ಗಂಡ ಸತ್ತಾನೇನೋ?" ಅಂತ ಎರಡೂ ಕೈ ಎತ್ತಿ, ಬಳಿ ಝಲ್ಲನಿಸಿ ಒದರಿದೆ. ಭತ್ತದಾಗಿದ್ದ ಹಂದಿಗಳೆಲ್ಲಾ ಎದ್ದು ಕಾಲುವಿ ಕಡಿ ಓಡಿದ್ವು. ಕಾಕಾ ತಲಿ ಮ್ಯಾಲ ಕೈ ಹೊತ್ತ.

ಕೌದಿ ಕಸಗೊಂಡು ಅದರ ಮ್ಯಾಲ ನಾನೇ ಕುಂತೆ. ಸುಗ್ಗಿತನಕಾ ದಿನಾ ಸಂಜಿಗೆ ಅಲ್ಲೇ ಕುಂತು, ಕೈ ಝಾಡಿಸಿ ಕಾಕಾನ್ನ ಬೈದೆ. ಅವ ತನ್ನ ಹೊಲದ ಬದುವಿಗೆ ಸರದು, ಬಿಲ್ಲು ತೊಡಿ ಮ್ಯಾಲ ಇಟಗೊಂಡು ಅಲ್ಲಿಂದನ, "ಸಪ್ಪಳ ಅವ್ವಾ, ಸಪ್ಪಳ" ಅಂತಿದ್ದ.

ಒಂದು ಹಂದಿನೂ ನಮ್ಮ ಭತ್ತ ಮುಟ್ಟಲಿಲ್ಲ.