ತೂಬಿನ ಬಳಿ ಮೂರನೆಯ ಕೂಗು

ಬೆಳಗ್ಗೆ ಏಳೂಕಾಲು. ನಾಟ್ರಾಂಪಾಳ್ಯದ ಆಚೆ, ಇರುಳರ ಹಟ್ಟಿಯ ಕೆರೆ ಏರಿಯ ಮೇಲೆ ನೀರಾವರಿ ಇಲಾಖೆಯ ಎಂಜಿನಿಯರ್ ಜೊತೆಗಿದ್ದೇನೆ. ಮೂರು ದಿನದ ಮಳೆಗೆ ಕೆರೆ ತುಂಬಿ, ಏರಿ ಒಂದೆಡೆ ಜಿನುಗುತ್ತಿದೆ.

"ತೂಬು ಎತ್ತಮ್ಮ, ಏರಿ ಒಡೆದ್ರೆ ಏನ್ ಗತಿ?" ಎಂದು ಎಂಜಿನಿಯರ್ ಗದರಿದರು.

ತೂಬು ಕಾಯುವ ಮಾದಮ್ಮ ಕಲ್ಲಿನ ಮೇಲಿಂದ ಏಳಲಿಲ್ಲ. "ಕೆಳಗೆ ಹಳ್ಳದಾಗೆ ದನ ಅವೆ, ಬಟ್ಟೆ ಒಗೆಯೋರು ಅವ್ರೆ ಸಾರ್. ಕೆಳಗಿನ ಮೂರು ಹಟ್ಟಿಯಿಂದ್ಲೂ ಕೂಗು ಬರ್ಬೇಕು. ಅದು ನಮ್ಮ ಕಟ್ಟಳೆ."

ಆಕೆ ಆಗಲೇ ಕಣಿವೆಗೆ ಕೂಗಿದ್ದರು. ಎರಡು ಹಟ್ಟಿಗಳು ಜನ, ದನ ಮೇಲೇರಿ ಹಳ್ಳ ಖಾಲಿಯಾಯಿತೆಂದು ಮರುಕೂಗಿದವು. ಮೂರನೆಯದು ಸುಮ್ಮನಿತ್ತು. ಜಿನುಗು ಬೆರಳಗಲವಾಯಿತು. ನಾನು ಗಡಿಯಾರ ನೋಡಿದೆ.

"ಅದ್ನ ನೋಡಿದ್ರೆ ಹಳ್ಳ ಖಾಲಿ ಆಗ್ತದಾ ಯಜಮಾನ್ರೆ?" ಎಂದು ಮಾದಮ್ಮ ನನ್ನನ್ನು ಕೇಳಿದರು.

ಆರು ನಿಮಿಷದ ಮೇಲೆ ದೂರದಲ್ಲಿ ಏನೋ ಕೇಳಿಸಿತು. ಎಂಜಿನಿಯರ್ ಕಿವಿಗೆ ಕೈಯಿಟ್ಟು, ತಗ್ಗಿದ ದನಿಯಲ್ಲಿ, "ಅದೇನಾ ಅಮ್ಮ?" ಎಂದರು.

ಮಾದಮ್ಮ ಎದ್ದು, ತೂಬು ಎತ್ತುವ ಹಾರೆಯ ಒಂದು ತುದಿಯನ್ನು ಅವರ ಕೈಗೆ ಕೊಟ್ಟರು.